ಒಂದೇ ಗದ್ದೆ, ಎರಡು ಹೂಟಿ

ಕಾರವಾರದಿಂದ ಅಂಕೋಲೆಯ ಕಡೆ ಹೊರಟ ಹೆದ್ದಾರಿ ಅವರ್ಸಾ ಮುಟ್ಟುವ ಹೊತ್ತಿಗೆ ಎಡಕ್ಕೆ ಗುಡ್ಡ, ಬಲಕ್ಕೆ ಸಮುದ್ರ. ನಡುವೆ ಉಳಿದ ಪಟ್ಟಿ ನೆಲವನ್ನು ರಸ್ತೆ, ಕೊಂಕಣ ರೈಲಿನ ಹಳಿ, ತೆಂಗಿನ ತೋಟ, ಹಂಚಿನ ಮನೆ, ಕಾತ್ಯಾಯನಿ ಬಾಣೇಶ್ವರನ ಗುಡಿ ಎಲ್ಲ ಸೇರಿ ಹಂಚಿಕೊಂಡಿವೆ. ಹಂಚಿ ಮಿಕ್ಕದ್ದು ಗದ್ದೆ. ಮೇ ಕೊನೆಯಲ್ಲಿ ನೋಡಿದರೆ ಅದನ್ನು ಗದ್ದೆ ಎನ್ನಲು ಮನಸ್ಸು ಬರುವುದಿಲ್ಲ. ಬಿರುಕು ಬಿಟ್ಟ ನೆಲ, ದನ ಮೇದು ಉಳಿಸಿದ ಕೂಳೆ, ಹುಡುಗರು ಕ್ರಿಕೆಟ್ ಆಡಿ ನುಣುಪಾಗಿಸಿದ ಒಂದು ಪಿಚ್ಚು. ಅಂಕೋಲೆ ಪೇಟೆಯಲ್ಲಿ ಕರಿ ಇಶಾಡ ಮಾವಿನ ಬುಟ್ಟಿಗಳು ಖಾಲಿಯಾಗುವ ಕಾಲ ಅದು. ಬುಟ್ಟಿ ಖಾಲಿಯಾದ ಮೇಲೆ ಎಲ್ಲರ ಕಣ್ಣೂ ಆಕಾಶಕ್ಕೆ.

ಮೊದಲ ಎರಡು ಮಳೆ ಬಿದ್ದು ವಾರ ಕಳೆಯುವುದರೊಳಗೆ ನೆಲದ ಬಣ್ಣ ತಿರುಗುತ್ತದೆ. ರಸ್ತೆ ಬದಿಯಲ್ಲಿ ಚಗಟೆ, ಹಾಳಿಯ ಮೇಲೆ ಗರಿಕೆ, ಗದ್ದೆಯೊಳಗೆ ಹೆಸರಿದ್ದದ್ದು ಹೆಸರಿಲ್ಲದ್ದು ಎಲ್ಲ. ಬಸ್ಸಿನ ಕಿಟಕಿಯಿಂದ ನೋಡುವವರು ಹಸಿರು ಎಂದು ಖುಷಿಪಡುತ್ತಾರೆ. ಗದ್ದೆಯ ಯಜಮಾನನಿಗೆ ಅದು ಈ ವರ್ಷದ ಕಳೆಯ ಮೊದಲ ಕಂತು. ಚಗಟೆಯ ಕುಡಿ ಚಿವುಟಿ ಪಲ್ಯ ಮಾಡುವುದು, ನೀರು ಜಿನುಗುವಲ್ಲಿ ಹಬ್ಬಿದ ಒಂದೆಲಗ ಕಿತ್ತು ತಂಬುಳಿ ಮಾಡುವುದು ಬೇರೆ ಮಾತು. ಗದ್ದೆಯಲ್ಲಿ ಬೈಸಿಕೊಂಡ ಗಿಡ ಅಡುಗೆಮನೆಯಲ್ಲಿ ಮರ್ಯಾದೆ ಪಡೆಯುವುದು ಕರಾವಳಿಯಲ್ಲಿ ಹೊಸದೇನಲ್ಲ.

ಈ ಮೊದಲ ಕಂತು ಬರಲಿ ಎಂದೇ ಹಳೆಯ ಬೇಸಾಯಗಾರರು ಕಾಯುತ್ತಿದ್ದರು. ಮುಂಗಾರಿಗೆ ಮುಂಚೆ ಒಂದು ಹೂಟಿ, ಅಂದರೆ ಉಳುಮೆ, ಮೇಲೆದ್ದ ಬೀಜವೆಲ್ಲ ಮೊಳೆತ ಮೇಲೆ ಇನ್ನೊಂದು ಹೂಟಿ, ಗದ್ದೆಯಲ್ಲಿ ನೀರು ನಿಂತ ಮೇಲೆ ಕೆಸರಿನ ಹೂಟಿ. ಮರದ ನೇಗಿಲು ನೆಲವನ್ನು ಕೊರೆದು ಸಾಲು ಬಿಡುತ್ತದೆ, ಸಾಲಿನ ನಡುವೆ ಉಳದ ದಿಂಡೂ ಉಳಿದುಬಿಡುತ್ತದೆ. ಅದಕ್ಕೇ ಉದ್ದಕ್ಕೆ ಒಮ್ಮೆ, ಅಡ್ಡಕ್ಕೆ ಒಮ್ಮೆ. ಎತ್ತು ಕೋಣಗಳ ಬೆನ್ನು ಬಿದ್ದು ನಡೆಯುವವನಿಗೆ ಇದು ದಿನಗಟ್ಟಲೆಯ ಕೆಲಸ. ಆದರೆ ಎರಡು ಹೂಟಿಗಳ ನಡುವೆ ಬೀಳುತ್ತಿದ್ದ ಆ ವಿರಾಮದಲ್ಲಿ ಕಳೆ ಮೊಳೆಯುತ್ತಿತ್ತು, ಮೊಳೆತದ್ದು ಮಗುಚಿಕೊಳ್ಳುತ್ತಿತ್ತು, ಕೊಳೆತು ಗೊಬ್ಬರವಾಗುತ್ತಿತ್ತು. ನಿಧಾನವೇ ಅಲ್ಲಿ ಅರ್ಧ ಕೆಲಸ ಮಾಡುತ್ತಿತ್ತು.

ಈಗ ಟಿಲ್ಲರ್ ಬರುತ್ತದೆ. ಬೆಂಗಳೂರಿನ ವಿ.ಎಸ್.ಟಿ. ಬಳಗ ಜಪಾನಿನ ಮಿತ್ಸುಬಿಷಿಯ ಜೊತೆಗೂಡಿ 1967ರಲ್ಲಿ ಶುರುಮಾಡಿದ ಕಂಪನಿಯ ಈ ಕೈಗಾಡಿ ಯಂತ್ರ, ಟ್ರ್ಯಾಕ್ಟರ್ ತಿರುಗಲಾಗದ ಸಣ್ಣ ಗದ್ದೆಗಳಿಗೆ ಹೇಳಿ ಮಾಡಿಸಿದ ಹಾಗಿದೆ. ರಬ್ಬರ್ ಗಾಲಿ ಬಿಚ್ಚಿ ಕಬ್ಬಿಣದ ಗಾಲಿ ಹಾಕಿ ಕೆಸರಿಗೆ ಇಳಿಸಿದರೆ ಹಿಂದೆ ಬಾಗಿದ ಅಲಗುಗಳು ಗರಗರ ತಿರುಗಿ, ಉಳುಮೆಯೂ ಹೆಂಟೆ ಒಡೆಯುವುದೂ ಒಂದೇ ಸಲಕ್ಕೆ ಮುಗಿಯುತ್ತವೆ. ಹಿಡಿದವನ ಮೊಣಕಾಲ ತನಕ ಕೆಸರು, ಮುಖಕ್ಕೆ ಸಿಡಿದ ಚುಕ್ಕೆಗಳು, ತಲೆಗೆ ಕಟ್ಟಿದ ಪ್ಲಾಸ್ಟಿಕ್ ಚೀಲ. ಬೆನ್ನಿಗೆ ಬೆಳ್ಳಕ್ಕಿಗಳ ಸಾಲು. ಯಂತ್ರದ ಸದ್ದಿಗೆ ಅವಕ್ಕೆ ಅಂಜಿಕೆಯಿಲ್ಲ. ಎರೆಹುಳು, ಕಪ್ಪೆಮರಿ ಮೇಲೆ ಬಂದ ಕ್ಷಣದಲ್ಲೇ ಕೊಕ್ಕು ಕೆಳಗೆ. ತೆಂಗಿನ ಗರಿಯ ಮೇಲೆ ಒಂದು ಗರುಡ ಸರದಿಗಾಗಿ ಕಾದಿರುತ್ತದೆ. ಬಾಡಿಗೆ ಗಂಟೆಯ ಲೆಕ್ಕ, ಮುಂದಿನ ಗದ್ದೆಯವರು ಆಗಲೇ ಫೋನು ಮಾಡಿದ್ದಾರೆ. ಹಾಗಾಗಿ ಬೆಳಿಗ್ಗೆ ಉತ್ತ ಗದ್ದೆಗೆ ಹಲಗೆ ಹೊಡೆದು ಮರುದಿನವೇ ನೆಟ್ಟಿ. ಕೆಲಸ ಸಲೀಸು, ಅನುಮಾನವಿಲ್ಲ. ಕಳೆಗೆ ಮೊಳೆಯಲು ಬಿಟ್ಟು ಆಮೇಲೆ ಮಗುಚುವ ಆ ವಿರಾಮ ಮಾತ್ರ ಇಲ್ಲವಾಯಿತು.

ಕೆಸರು ಮಾಡುವುದು ಮಣ್ಣನ್ನು ಸಡಿಲ ಮಾಡಲಿಕ್ಕಲ್ಲ. ಇದನ್ನು ಘಟ್ಟದ ಮೇಲಿನವರಿಗೆ ಬಿಡಿಸಿ ಹೇಳಬೇಕಾಗುತ್ತದೆ. ಉಳುಮೆಯೆಂದರೆ ಮಣ್ಣಿಗೆ ಗಾಳಿ ಆಡಬೇಕು ಎಂದು ಬಯಲುಸೀಮೆಯ ರೈತ ತಿಳಿದಿದ್ದಾನೆ. ಭತ್ತದ ಗದ್ದೆಯಲ್ಲಿ ನಡೆಯುವುದು ಪೂರಾ ತದ್ವಿರುದ್ಧ. ನೀರಿನಲ್ಲಿ ಕಲಸಿ, ತುಳಿದು, ಮಣ್ಣಿನ ಕಣಗಳ ನಡುವಿನ ಸಂದುಗಳನ್ನೆಲ್ಲ ಮುಚ್ಚಿಬಿಡುವುದು. ಅಡಿಯಲ್ಲಿ ಒಂದು ಗಟ್ಟಿ ಪದರ ಕೂರಿಸುವುದು. ಬಿದ್ದ ಮಳೆ ಇಂಗದೆ ನಿಲ್ಲುವಂತೆ ಮಾಡುವುದು. ನೀರು ನಿಂತಿತೋ, ಗಾಳಿ ಹೋಯಿತು. ಗಾಳಿಯಿಲ್ಲದ ಕೆಸರಿನಲ್ಲಿ ಹುಲ್ಲುಜಾತಿಯ ಬಹುಪಾಲು ಬೀಜಗಳು ಮೊಳೆಯಲಾರವು. ಭತ್ತ ಮೊಳೆತು ಇಪ್ಪತ್ತು ಇಪ್ಪತ್ತೈದು ದಿನ ಅಗೆಮಡಿಯಲ್ಲಿ ಬೆಳೆದೇ ಬಂದಿರುತ್ತದೆ. ಕಳೆ ಕಣ್ಣು ಬಿಡುವಾಗ ಪೈರು ಗೇಣುದ್ದ ಇರುತ್ತದೆ. ನೆಟ್ಟಿಯ ಗದ್ದೆಗಿಂತ ಬಿತ್ತಿದ ಗದ್ದೆಯಲ್ಲಿ ಕಳೆಯ ಕಾಟ ಹೆಚ್ಚೇಕೆ ಎಂದರೆ ಇಷ್ಟೇ ಕಾರಣ: ಅಲ್ಲಿ ಭತ್ತವೂ ಕಳೆಯೂ ಒಂದೇ ದಿನ ಹುಟ್ಟುತ್ತವೆ. ಆಳು ಸಿಗದೆ ನೇರ ಬಿತ್ತನೆಗೆ ಹೊರಳಿದವರು ಉಳಿಸಿದ ನೆಟ್ಟಿಯ ಕೂಲಿಯನ್ನು ಮುಂದಿನ ತಿಂಗಳು ಕಳೆನಾಶಕದ ಅಂಗಡಿಗೆ ಕೊಟ್ಟುಬರುವುದೂ ಇದಕ್ಕೇ.

ಅಂದರೆ ಕಳೆಯನ್ನು ಕೊಲ್ಲುವುದು ಇಲ್ಲಿ ನೇಗಿಲಲ್ಲ, ನೀರು. ನೀರು ನಿಲ್ಲುವ ಜಾಗವನ್ನು ನೇಗಿಲು ಸಿದ್ಧ ಮಾಡಿಕೊಡುತ್ತದೆ ಅಷ್ಟೆ. ಈ ವಿದ್ಯೆಯ ತುತ್ತತುದಿ ನೋಡಬೇಕೆಂದರೆ ದಕ್ಷಿಣಕ್ಕೆ ಕುಮಟೆಯಲ್ಲಿ ಅಘನಾಶಿನಿ ಹೊಳೆಯ ಉಪ್ಪುನೀರಿನ ಗದ್ದೆ, ಗಜನಿಗೆ ಹೋಗಬೇಕು. ಭತ್ತ ಕೊಯ್ದ ಮೇಲೆ ಅಲ್ಲಿ ಗದ್ದೆಗೆ ಉಪ್ಪುನೀರನ್ನೇ ಬಿಡುತ್ತಾರೆ. ಬೇಸಿಗೆಯಲ್ಲಿ ಮೀನು ಸಿಗಡಿ, ಮಳೆಗಾಲದಲ್ಲಿ ಮಳೆನೀರಿಗೆ ಉಪ್ಪು ತೊಳೆದ ಮೇಲೆ ಉಪ್ಪು ತಾಳುವ ಕಗ್ಗ ಭತ್ತ. ಸಿಹಿನೀರಿನ ಸಾಮಾನ್ಯ ಕಳೆಗಳು ಆ ಉಪ್ಪನ್ನು ತಾಳಿ ಬದುಕುವುದು ಕಷ್ಟ. ಕಳೆ ತೆಗೆಯುವ ಕೂಲಿ ಅಲ್ಲಿ ಸಮುದ್ರದ್ದು.

ನೀರಿಗೂ ನೇಗಿಲಿಗೂ ಸುಲಭಕ್ಕೆ ಬಗ್ಗದ ಒಂದು ಗಿಡವಿದೆ. ಅದನ್ನು ಹತ್ತಿರದಿಂದ ನೋಡಬೇಕು. ಗದ್ದೆಯಂಚಿನ ಎತ್ತರದ ಮಕ್ಕಿಯಲ್ಲಿ, ನೀರು ಸರಿಯಾಗಿ ನಿಲ್ಲದ ಕಡೆ, ಮೂರಂಚಿನ ಕಡ್ಡಿಯ ಮೇಲೆ ಕಂದುಬಣ್ಣದ ಹೂ ಹೊತ್ತು ನಿಂತಿರುವ ಕೊನ್ನಾರಿ. ಎಳೆದರೆ ಗಿಡ ಥಟ್ಟನೆ ಕೈಗೆ ಬರುತ್ತದೆ, ಗೆಡ್ಡೆ ಬರುವುದಿಲ್ಲ. ಕತ್ತಿಯಿಂದ ಕೆದಕಿದರೆ ಬೆರಳಿನ ತುದಿಯಷ್ಟು ದಪ್ಪದ, ಕರಿ ಸಿಪ್ಪೆಯ ಗೆಡ್ಡೆ ಸಿಗುತ್ತದೆ. ಅದರಿಂದ ತಂತಿಯಂಥ ಬೇರು, ಬೇರಿನ ತುದಿಗೆ ಇನ್ನೊಂದು ಗೆಡ್ಡೆ, ಅದರಾಚೆ ಮತ್ತೊಂದು. ಉಗುರಿನಿಂದ ಸುಲಿದರೆ ಒಳಗೆ ಬಿಳಿ, ಮೂಗಿಗೆ ಹಿಡಿದರೆ ಘಮ. ಆಯುರ್ವೇದದ ಮುಸ್ತಾ, ಅಂಗಡಿಯವರ ಭದ್ರಮುಷ್ಟಿ ಇದೇ. ಕಾಡುಹಂದಿ ರಾತ್ರಿ ಬಂದು ಗದ್ದೆ ಅಗೆಯುವುದಕ್ಕೆ ಇದೂ ಒಂದು ನೆಪ.

ಈ ಗೆಡ್ಡೆಗಳ ಸರದಲ್ಲಿ ತುದಿಯದು ಚಿಗುರಿದರೆ ಉಳಿದವು ಸುಮ್ಮನೆ ಮಲಗಿರುತ್ತವೆ. ಸರ ತುಂಡಾಯಿತೋ, ಪ್ರತಿ ಗೆಡ್ಡೆಯೂ ತನ್ನಷ್ಟಕ್ಕೆ ಒಂದೊಂದು ಗಿಡ. ಟಿಲ್ಲರಿನ ತಿರುಗುವ ಅಲಗು, ಅಂದರೆ ರೋಟರ್, ಮಾಡುವುದು ಇದನ್ನೇ. ನುಣ್ಣಗೆ ಕತ್ತರಿಸಿ, ಹದವಾಗಿ ಹರಡಿ, ಗದ್ದೆಯ ಒಂದು ಮೂಲೆಯಲ್ಲಿದ್ದ ಕೊನ್ನಾರಿಯನ್ನು ನಾಲ್ಕೂ ಮೂಲೆಗೆ ಬಿತ್ತಿ ಬರುತ್ತದೆ. ಗರಿಕೆಯ ಕತೆಯೂ ಹಾಗೇ, ಗೆಣ್ಣು ಗೆಣ್ಣಿಗೂ ಬೇರು. ಇದಕ್ಕೆ ಮದ್ದು ಏಪ್ರಿಲ್ ತಿಂಗಳ ಬಿಸಿಲು. ನೆಲವನ್ನು ಪುಡಿ ಮಾಡದೆ ದೊಡ್ಡ ದೊಡ್ಡ ಹೆಂಟೆಯಾಗಿ ಮಗುಚಿ, ಗೆಡ್ಡೆಗಳನ್ನು ಮೇಲಕ್ಕೆ ತಂದು, ಎರಡು ವಾರ ಸುಡಲು ಬಿಡಬೇಕು. ಒಣಗಿದ ಗೆಡ್ಡೆ ಸಾಯುತ್ತದೆ. ಬಹುಪಾಲು ಗೆಡ್ಡೆಗಳು ಮೇಲಿನ ಅರ್ಧ ಅಡಿಯಲ್ಲೇ ಇರುವುದರಿಂದ ಹಳೆಯ ಮರದ ನೇಗಿಲೂ ಈ ಕೆಲಸಕ್ಕೆ ಸಾಕು, ಟ್ರ್ಯಾಕ್ಟರಿನ ಹಲ್ಲಿನ ಕಲ್ಟಿವೇಟರೂ ಸಾಕು. ರೋಟರ್ ಮಾತ್ರ ಬೇಡ.

ಬೀಜದಿಂದ ಬರುವ ಕಳೆಗಳದ್ದು ಬೇರೆ ಲೆಕ್ಕ. ಸಣ್ಣ ಬೀಜಗಳಲ್ಲಿ ಎಷ್ಟೋ ಬಗೆಗೆ ಮೊಳೆಯಲು ಬೆಳಕು ಬೇಕು, ಕ್ಷಣಮಾತ್ರದ ಬೆಳಕಾದರೂ ಸಾಕು. ನೇಗಿಲು ಮಣ್ಣು ಮಗುಚಿದಾಗ ಸಿಕ್ಕುವುದು ಅದೇ. ಜರ್ಮನಿಯಲ್ಲಿ 1990ರ ಸುಮಾರಿಗೆ ಕತ್ತಲಲ್ಲಿ ಉತ್ತು ನೋಡಿದರು. ಕೆಲವು ಕಡೆ ಕಳೆ ಚೆನ್ನಾಗಿಯೇ ಕಡಿಮೆಯಾಯಿತು, ಕೆಲವು ಕಡೆ ಏನೂ ಆಗಲಿಲ್ಲ. ನಮ್ಮ ಜೂನ್ ತಿಂಗಳ ಮಳೆಯಲ್ಲಿ ರಾತ್ರಿ ಟಿಲ್ಲರ್ ಹಿಡಿಯುವವರು ಯಾರೂ ಸಿಗಲಾರರು, ಬಿಡಿ.

ಘಟ್ಟ ಹತ್ತಿ ಧಾರವಾಡ, ಬೆಳಗಾವಿ ಕಡೆ ಹೋದರೆ ಇದೇ ಜೂನ್ ತಿಂಗಳಲ್ಲಿ ಇನ್ನೊಂದು ನಾಟಕ. ಕರಿಮಣ್ಣಿನಲ್ಲಿ ಕೂರಿಗೆಯ ಸಾಲು, ಸಾಲಿನಲ್ಲಿ ಸೋಯಾಅವರೆ. ಕರ್ನಾಟಕದಲ್ಲಿ ಈ ಬೆಳೆಗೆ ದೊಡ್ಡ ಮನೆ ಬೀದರ್ ಜಿಲ್ಲೆ, ಆಮೇಲೆ ಬೆಳಗಾವಿ, ಧಾರವಾಡ. ಮಧ್ಯಪ್ರದೇಶದ ಜಬಲ್ಪುರದಿಂದ ಬಂದ ಜೆಎಸ್ 335, ತುಕ್ಕುರೋಗ ತಡೆಯಲು ಧಾರವಾಡ ಕೃಷಿ ವಿಶ್ವವಿದ್ಯಾಲಯ ಕೊಟ್ಟ ಡಿಎಸ್‌ಬಿ 21, ಇಂಥ ತಳಿಗಳ ಹೆಸರು ಅಲ್ಲಿಯ ರೈತರ ಬಾಯಲ್ಲಿ ಸಲೀಸು. ಸೋಯಾ ನೀರು ನಿಂತರೆ ಹಳದಿಯಾಗುತ್ತದೆ. ಅವರ್ಸಾದ ಮಳೆಗಾಲದಲ್ಲಿ ಅದಕ್ಕೆ ಜಾಗವಿಲ್ಲ. ಕಳೆಯನ್ನು ನೀರಿನಲ್ಲಿ ಮುಳುಗಿಸುವ ಉಪಾಯ ಸೋಯಾ ರೈತನಿಗೆ ಇಲ್ಲ, ಅವನಿಗೆ ಇರುವುದು ದಿನಗಳ ಲೆಕ್ಕ. ಬಿತ್ತಿದ ಮೇಲಿನ ಮೊದಲ ಮೂವತ್ತು ನಲವತ್ತೈದು ದಿನ ಹೊಲ ಸ್ವಚ್ಛವಿದ್ದರೆ ಆಮೇಲೆ ಎಲೆಗಳು ಸಾಲಿನಿಂದ ಸಾಲಿಗೆ ಕೂಡಿಕೊಂಡು ನೆಲಕ್ಕೆ ಬಿಸಿಲೇ ಬೀಳದಂತೆ ಮಾಡುತ್ತವೆ, ಮುಂದೆ ಬರುವ ಕಳೆ ತಾನಾಗಿ ಸೊರಗುತ್ತದೆ. ಆ ದಿನಗಳಲ್ಲಿ ಕೈಬಿಟ್ಟರೆ ಅರ್ಧ ಇಳುವರಿ ಹೋದರೂ ಆಶ್ಚರ್ಯವಿಲ್ಲ. ಎಡೆಕುಂಟೆ ಹೊಡೆಯಬೇಕಾದ ವಾರದಲ್ಲೇ ಜಡಿಮಳೆ ಹಿಡಿದು, ಕರಿಮಣ್ಣು ಕಾಲಿಗೆ ಮೆತ್ತಿ, ಎತ್ತು ಹೊಲಕ್ಕೆ ಇಳಿಯದೆ ಹೋದರೆ ಅಲ್ಲಿಯವರ ಮಾತಿನ ‘ಕಸ’ ಸೋಯಾದ ತಲೆ ದಾಟುತ್ತದೆ.

ಉಳದೆಯೇ ಸೋಯಾ ಬಿತ್ತಿದರೆ ಏನಾಗುತ್ತದೆ? ಅಮೆರಿಕ, ಅರ್ಜೆಂಟೀನಾ, ಬ್ರೆಜಿಲ್ ದೇಶಗಳಲ್ಲಿ ಕೋಟಿಗಟ್ಟಲೆ ಎಕರೆಯಲ್ಲಿ ಹೀಗೆ ಬಿತ್ತುತ್ತಾರೆ. ಹಿಂದಿನ ಬೆಳೆಯ ಕೂಳೆ, ರವದಿ ನೆಲದ ಮೇಲೇ ಇರುತ್ತದೆ, ಯಂತ್ರ ಅದನ್ನು ಸೀಳಿ ಬೀಜ ಇಳಿಸುತ್ತದೆ. 678 ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯ ಪ್ರಕಾರ ಉಳುಮೆ ಬಿಟ್ಟರೆ ಎಲ್ಲ ಬೆಳೆ ಸೇರಿಸಿ ಸರಾಸರಿ ಇಳುವರಿ ಸುಮಾರು ಶೇ. 5ರಷ್ಟು ಇಳಿಯುತ್ತದೆ, ಭತ್ತ, ಮೆಕ್ಕೆಜೋಳಗಳಲ್ಲಿ ಶೇ. 7ಕ್ಕೂ ಹೆಚ್ಚು. ದ್ವಿದಳ, ಎಣ್ಣೆಕಾಳುಗಳಲ್ಲಿ ಮಾತ್ರ ಉತ್ತದ್ದಕ್ಕೂ ಉಳದ್ದಕ್ಕೂ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಮಳೆ ಕಡಿಮೆಯಾದ ಒಣನೆಲದಲ್ಲಿ ಉಳದ ಹೊಲ ಎಷ್ಟೋ ಸಲ ಸಮ, ಇಲ್ಲವೇ ಮುಂದೆ. ಕಳೆಯ ಲೆಕ್ಕ ಇಷ್ಟು ಸರಳವಲ್ಲ. ಉಳದ ಹೊಲದಲ್ಲಿ ಬೀಜ ಮೇಲೇ ಉಳಿಯುವುದರಿಂದ ಮೊದಲ ವರ್ಷಗಳಲ್ಲಿ ಸಣ್ಣಬೀಜದ ಕಳೆ ಹೆಚ್ಚು. ಇರುವೆ, ಹಕ್ಕಿ, ಜೀರುಂಡೆಗಳು ಬೀಜ ತಿಂದು ತಿಂದು ಆಮೇಲೆ ಕಡಿಮೆಯಾಗಬಹುದು. ಕೊನ್ನಾರಿ, ಗರಿಕೆಯಂಥ ಬಹುವಾರ್ಷಿಕಗಳು ನೆಲೆಯೂರುತ್ತವೆ. ಆ ದೇಶಗಳು ಇದಕ್ಕೆಲ್ಲ ಒಂದೇ ಔಷಧ ಕಂಡುಕೊಂಡವು. 1996ರಿಂದೀಚೆಗೆ ಗ್ಲೈಫೊಸೇಟ್ ಎಂಬ ಕಳೆನಾಶಕವನ್ನು ತಾಳುವ ಸೋಯಾ ಬಿತ್ತಿ ಮೇಲಿನಿಂದ ಅದನ್ನೇ ಹೊಡೆದರು. ಕೆಲವೇ ವರ್ಷಗಳಲ್ಲಿ ಗ್ಲೈಫೊಸೇಟಿಗೆ ಸಾಯದ ದಂಟಿನ ಜಾತಿಯ ಕಳೆಗಳು ಹೊಲ ತುಂಬಿದವು. ನೇಗಿಲನ್ನು ಬಿಟ್ಟೆವು ಎಂದವರು ಡಬ್ಬಿಗೆ ಅಂಟಿಕೊಂಡರು. ಆ ದಾರಿ ನಮಗೆ ಬೇಡ ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಹಾಗೆಂದು ಅವರ್ಸಾಕ್ಕೆ ಸೋಯಾದಿಂದ ಕಲಿಯುವುದು ಏನೂ ಇಲ್ಲವೇ? ಇದೆ, ಅದು ನವೆಂಬರ್ ತಿಂಗಳಲ್ಲಿ ಕಾಣುತ್ತದೆ.

ಭತ್ತದ ಕೊಯ್ಲು ಮುಗಿದು ಹುಲ್ಲಿನ ಬಣವೆಗಳು ಅಂಗಳ ಸೇರಿರುತ್ತವೆ. ಗಾಳಿ ತಿರುಗಿದೆ, ಬೆಳಗಿನ ಜಾವ ಗದ್ದೆಯ ಮೇಲೆ ಮಂಜು. ಈಗ ಅದೇ ಗದ್ದೆಗೆ ಶೇಂಗಾ ಬೇಕು, ಉದ್ದು, ಹೆಸರು, ಅಲಸಂದೆ ಬೇಕು. ಜೂನ್‌ನಲ್ಲಿ ಮುಚ್ಚಿದ ಮಣ್ಣಿನ ಸಂದುಗಳನ್ನು ಈಗ ತೆರೆಯಬೇಕು. ಕೆಸರು ಒಣಗಿ ಇಟ್ಟಿಗೆಯಾಗಿದೆ. ಅಡಿಯ ಗಟ್ಟಿ ಪದರ ಭತ್ತಕ್ಕೆ ನೀರು ಹಿಡಿದುಕೊಟ್ಟಿತ್ತು, ಶೇಂಗಾದ ಬೇರಿಗೆ ಅದೇ ಗೋಡೆ. ಶೇಂಗಾ ಹೂ ಬಿಟ್ಟ ಮೇಲೆ ಸೂಜಿ ನೆಲದೊಳಗೆ ಇಳಿದು ಅಲ್ಲಿ ಕಾಯಿ ಕಟ್ಟಬೇಕು. ನೆಲ ಬಿಗಿದಿದ್ದರೆ ಸೂಜಿ ಮೇಲೆಯೇ ಬಾಡುತ್ತದೆ. ಕಡಲಿಗೆ ಹತ್ತಿರದ ಮರಳು ಬೆರೆತ ಗದ್ದೆಗಳಲ್ಲಿ ಪಾಡಾಗುತ್ತದೆ, ಗುಡ್ಡದ ಕಡೆಯ ಜೇಡಿಯಲ್ಲಿ ಪಾಡಲ್ಲ. ಹದ ಸಿಗುವುದು ನಾಲ್ಕೈದು ದಿನ ಮಾತ್ರ. ಮುಂಚೆ ಇಳಿದರೆ ಟಿಲ್ಲರ್ ಅಂಟು ಎಬ್ಬಿಸುತ್ತದೆ, ತಡವಾದರೆ ಹೆಂಟೆ ಎಬ್ಬಿಸುತ್ತದೆ. ಎರಡು ಮೂರು ಸಲ ಹೊಡೆದು ಪುಡಿ ಮಾಡುವಷ್ಟರಲ್ಲಿ ನೆಲದೊಳಗೆ ಉಳಿದಿದ್ದ ಪಸೆ ಗಾಳಿಗೆ ಹಾರಿಹೋಗುತ್ತದೆ. ಮೇಲೆ ಬಂದ ಕಳೆಬೀಜಕ್ಕೆ ಈಗ ನೀರಿನ ಮುಚ್ಚಳವೂ ಇಲ್ಲ.

ಶೇಂಗಾಕ್ಕೆ ಉಳದೆ ವಿಧಿಯಿಲ್ಲ, ಒಪ್ಪೋಣ. ಉದ್ದು, ಅಲಸಂದೆಗೆ ಇಷ್ಟು ಪರದಾಟ ಬೇಕೆ? ಕೃಷ್ಣಾ, ಗೋದಾವರಿ ಮುಖಜಭೂಮಿಯಲ್ಲಿ ಆಂಧ್ರದ ರೈತರು ಭತ್ತ ಕೊಯ್ಯುವ ಮುನ್ನವೇ ನಿಂತ ಪೈರಿನ ನಡುವೆ ಉದ್ದು ಚೆಲ್ಲುತ್ತಾರೆ. ಕೊಯ್ಲಾಗುವ ಹೊತ್ತಿಗೆ ಅದು ಮೊಳೆತಿರುತ್ತದೆ, ನೆಲದ ಪಸೆಯಲ್ಲೇ ಬೆಳೆಯುತ್ತದೆ. ಇಂಡೊನೇಷ್ಯಾದ ಜಾವಾ ದ್ವೀಪದಲ್ಲಿ ಕೆಸರುಗದ್ದೆಯ ಭತ್ತದ ಮೇಲೆ ಹಾಕುವ ಬೆಳೆ ಸೋಯಾವೇ. ಅಲ್ಲಿ ಗದ್ದೆ ಉಳುವುದಿಲ್ಲ. ಕೂಳೆಯ ಬುಡದಲ್ಲಿ ಕೋಲಿನಿಂದ ಕುಣಿ ಮಾಡಿ ಎರಡು ಮೂರು ಕಾಳು ಹಾಕಿ, ಅಲ್ಲಲ್ಲಿ ನೀರು ಬಸಿಯಲು ಕಾಲುವೆ ತೆಗೆದು, ಮೇಲೆ ಭತ್ತದ ಹುಲ್ಲು ಹರಡುತ್ತಾರೆ. ಹುಲ್ಲಿನ ಹೊದಿಕೆ ಬಿಸಿಲು ತಡೆಯುತ್ತದೆ, ಪಸೆ ಹಿಡಿಯುತ್ತದೆ, ಕಳೆಯನ್ನು ಅಡಗಿಸುತ್ತದೆ. ಜಾವಾದ್ದೂ ನಮ್ಮಂಥದೇ ಸಣ್ಣ ಗದ್ದೆ. ಇಷ್ಟಕ್ಕೂ ಉಳದ ಬೇಸಾಯ ಈ ಗುಡ್ಡಗಳಿಗೆ ಹೊಸದಲ್ಲ. ಕಾಡಿನ ತುಂಡು ಕಡಿದು ಸುಟ್ಟು ಬೂದಿಯಲ್ಲಿ ರಾಗಿ ಚೆಲ್ಲುತ್ತಿದ್ದ ಕುಮರಿ ಬೇಸಾಯಕ್ಕೆ ಹತ್ತೊಂಬತ್ತನೇ ಶತಮಾನದಲ್ಲಿ ಬ್ರಿಟಿಷರು ಕಡಿವಾಣ ಹಾಕುವ ತನಕ ಅದು ಇಲ್ಲಿ ನಡೆದೇ ಇತ್ತು.

ಅಡ್ಡಿ ಇರುವುದು ಬೇರೆ ಕಡೆ. ಹುಲ್ಲು ಇಲ್ಲಿ ದನದ ಮೇವು, ಗದ್ದೆಗೆ ಹೊದೆಸಿದರೆ ಕೊಟ್ಟಿಗೆಗೆ ಏನು? ಕೊಯ್ಲಾದ ಮೇಲೆ ದನಗಳನ್ನು ಬಯಲಿಗೆ ಬಿಡುವ ರೂಢಿಯೂ ಇದೆ. ಒಬ್ಬ ಉದ್ದು ಹಾಕಿ ಹತ್ತು ಮಂದಿ ಹಾಕದಿದ್ದರೆ ಆ ಒಬ್ಬನ ಉದ್ದು ಹತ್ತು ಮನೆಯ ದನಕ್ಕೆ. ಅದಕ್ಕಿಂತ ದೊಡ್ಡ ಅಡ್ಡಿಯೆಂದರೆ ಹಾಕುವವರೇ ಕಡಿಮೆಯಾಗಿರುವುದು. ಸೀಬರ್ಡ್ ನೌಕಾನೆಲೆಗೆ ಕಾರವಾರ, ಅಂಕೋಲಾ ತಾಲ್ಲೂಕುಗಳ ಎಷ್ಟೋ ಊರುಗಳ ಜಮೀನು ಹೋಯಿತು. ಉಳಿದ ಊರುಗಳಲ್ಲಿ ಗದ್ದೆ ಇದೆ, ಮಕ್ಕಳು ಗೋವಾದಲ್ಲಿ, ಕಾರವಾರದಲ್ಲಿ ದುಡಿಮೆಗೆ ಹೋಗಿದ್ದಾರೆ. ಒಂದು ವರ್ಷ ಬೀಳುಬಿಟ್ಟ ಗದ್ದೆಗೆ ಮುಳ್ಳು, ಆಳೆತ್ತರದ ಹುಲ್ಲು ಬರುತ್ತದೆ. ಹಾಳಿ ಒಡೆಯುತ್ತದೆ, ನೀರು ನಿಲ್ಲುವುದಿಲ್ಲ. ಅಲ್ಲಿ ಬಲಿತ ಬೀಜ ಪಕ್ಕದ ಗದ್ದೆಗೂ ಹರಿದು ಬರುತ್ತದೆ. ಯಾವ ಉಳುಮೆ ಕಳೆಗೆ ಒಳ್ಳೆಯದು ಎಂದು ಕೇಳಿದರೆ ಕರಾವಳಿಯಲ್ಲಿ ಮೊದಲ ಉತ್ತರ ಇದೇ: ಉಳುಮೆಯೇ ಇಲ್ಲದೆ ಬೆಳೆಯೂ ಇಲ್ಲದೆ ಬಿಟ್ಟ ಗದ್ದೆ.

ಅಂಕೋಲಾ ಎಂದರೆ ಸ್ವಾತಂತ್ರ್ಯ ಹೋರಾಟದ ಕರನಿರಾಕರಣೆಯಲ್ಲಿ ಜಮೀನು ಕಳೆದುಕೊಂಡರೂ ಜಗ್ಗದ ತಾಲ್ಲೂಕು. ಗೇಣಿದಾರರ ಪರವಾಗಿ ದಿನಕರ ದೇಸಾಯಿ ರೈತರನ್ನು ಕಟ್ಟಿ ಹೋರಾಡಿದ ತಾಲ್ಲೂಕು. 1974ರ ಭೂಸುಧಾರಣೆಯಲ್ಲಿ ಉಳುವವನು ಹೊಲದೊಡೆಯನಾದ. ಅರ್ಧ ಶತಮಾನ ಕಳೆದ ಮೇಲೆ ಒಡೆಯ ಇದ್ದಾನೆ, ಉಳುವವನು ಬಾಡಿಗೆಗೆ ಬರಬೇಕು.

ಅವರ್ಸಾದ ಗದ್ದೆಯವರಲ್ಲಿ ಕೇಳಿಕೊಳ್ಳುವುದು ಇಷ್ಟು. ಜೂನ್‌ನ ಕೆಸರು ಹೂಟಿ ಬಿಡಬೇಡಿ, ಭತ್ತಕ್ಕೆ ಅದು ಬೇಕು. ಆದರೆ ಮೊದಲ ಹೂಟಿಗೂ ನೆಟ್ಟಿಗೂ ನಡುವೆ ಕಳೆ ಮೊಳೆತು ಕೊಳೆಯುವಷ್ಟು ದಿನ ಬಿಡಿ. ಕೊನ್ನಾರಿ ಇರುವ ಮಕ್ಕಿಗೆ ಮಳೆ ಶುರುವಾದ ಮೇಲೆ ರೋಟರ್ ಇಳಿಸಬೇಡಿ, ಏಪ್ರಿಲ್‌ನಲ್ಲೇ ಹೆಂಟೆ ಎಬ್ಬಿಸಿ ಸುಡಲು ಬಿಡಿ. ನವೆಂಬರ್‌ನಲ್ಲಿ ಶೇಂಗಾದ ಗದ್ದೆ ಉತ್ತುಕೊಳ್ಳಿ, ಮನೆ ಹತ್ತಿರದ, ಬೇಲಿ ಇರುವ ಒಂದು ಗುಂಟೆಯಲ್ಲಿ ಮಾತ್ರ ಉಳದೆ ಕೂಳೆಯ ಬುಡಕ್ಕೆ ಅಲಸಂದೆಯನ್ನೋ ಉದ್ದನ್ನೋ ಊರಿ, ಹುಲ್ಲಿನ ಬದಲು ಗುಡ್ಡದ ದರಕು, ತೆಂಗಿನ ಗರಿ ಹೊದೆಸಿ ನೋಡಿ. ಧಾರವಾಡ ಕೃಷಿ ವಿಶ್ವವಿದ್ಯಾಲಯಕ್ಕೂ ಶಿರಸಿಯ ಕೃಷಿ ವಿಜ್ಞಾನ ಕೇಂದ್ರಕ್ಕೂ ಇದೇ ಮನವಿ: ಕರಿಮಣ್ಣಿನ ಸೋಯಾದಲ್ಲಿ ಉಳುಮೆ, ಕಳೆಗಳನ್ನು ಅಳೆದು ನೋಡುವ ಹಾಗೆ ಕರಾವಳಿಯ ಕೊಯ್ಲಾದ ಗದ್ದೆಯಲ್ಲೂ ರೈತರ ಕಣ್ಣೆದುರೇ ಅಳೆಯಿರಿ, ಬಂದ ಲೆಕ್ಕವನ್ನು ಅಂಕೋಲೆಯ ಸಂತೆಯ ದಿನ ಹೇಳಿ.